ಆನ್‌ಲೈನ್ ಕೋರ್ಸ್‌ನಲ್ಲಿ ಅಂಕ ಬಂದಿದೆ, ಕಲಿತಿದ್ದಾರಾ ಅಂತ ತಿಳಿಯುವುದು ಹೇಗೆ?

ಅಂಕಿಪಾಠ_ಟೀಚರ್
ನಾನು ಸಂಖ್ಯಾಶಾಸ್ತ್ರದ ಮೊದಲ ಹಂತದ ಕೋರ್ಸ್ ಹೇಳಿಕೊಡುತ್ತೇನೆ. ಪೂರ್ತಿ ಆನ್‌ಲೈನ್. ವಿಡಿಯೊ ಪಾಠ, ಪ್ರತಿ ಘಟಕದ ಕೊನೆಗೆ ಕ್ವಿಜ್, ವಾರಕ್ಕೊಂದು ಲೈವ್ ಕ್ಲಾಸ್.

ಡ್ಯಾಶ್‌ಬೋರ್ಡ್ ತೆರೆದರೆ ಎಲ್ಲವೂ ಹಸಿರು. ವಿಡಿಯೊ ನೋಡಿದ್ದಾರೆ, ಕ್ವಿಜ್ ಮುಗಿಸಿದ್ದಾರೆ, ಅಂಕವೂ ಚೆನ್ನಾಗಿದೆ. ಆದರೆ ಲೈವ್ ಕ್ಲಾಸ್‌ನಲ್ಲಿ "ಎರಡು ಗುಂಪಿನ ಸರಾಸರಿ ಒಂದೇ, ಮಾನಕ ವಿಚಲನೆ ಮಾತ್ರ ಬೇರೆ ಬೇರೆ. ಇದರಿಂದ ಏನು ಗೊತ್ತಾಗುತ್ತೆ?" ಅಂತ ಕೇಳಿದರೆ ಯಾರೂ ಮಾತಾಡುವುದಿಲ್ಲ. ಮಾನಕ ವಿಚಲನೆಯ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವುದರ ಲೆಕ್ಕವನ್ನು ಕ್ವಿಜ್‌ನಲ್ಲಿ ತಪ್ಪಿಲ್ಲದೆ ಮಾಡಿದವರು ಇವರೇ.

ಈಗ ವಿಭಾಗದವರು "ಕೋರ್ಸ್‌ನಿಂದ ಕಲಿಕೆ ಎಷ್ಟಾಗಿದೆ" ಅಂತ ವರದಿ ಕೇಳಿದ್ದಾರೆ. ಡ್ಯಾಶ್‌ಬೋರ್ಡ್‌ನ ಅಂಕಿಗಳನ್ನೇ ಹಾಕಿ ಕಳಿಸಬಹುದು. ಮನಸ್ಸು ಒಪ್ಪುತ್ತಿಲ್ಲ. ಯಾರನ್ನು ಕೇಳಿದರೂ ಪ್ರಾಕ್ಟರಿಂಗ್ ಸಾಫ್ಟ್‌ವೇರ್ (ಪರೀಕ್ಷೆ ಬರೆಯುವವರನ್ನು ಕ್ಯಾಮೆರಾದಲ್ಲಿ ಕಾಯುವಂಥದ್ದು) ಹಾಕಿಸಿ ಅನ್ನುತ್ತಾರೆ. ಅದು ಬಿಟ್ಟು ಬೇರೆ ದಾರಿ ಇದೆಯಾ? ನೀವೆಲ್ಲ ಏನು ಮಾಡುತ್ತೀರಿ?

ಕೋಡುಗಾರ
ನಾನು ವಿಡಿಯೊ ಪ್ಲೇಯರ್‌ಗಳ ಕೆಲಸ ಮಾಡಿದವನು. "ನೋಡಿದ್ದಾರೆ" ಅಂತ ಡ್ಯಾಶ್‌ಬೋರ್ಡ್ ಹೇಳಿದರೆ ಪ್ಲೇಯರ್ ಅಷ್ಟು ಭಾಗ ಓಡಿಸಿದೆ ಅಂತ ಮಾತ್ರ ಅರ್ಥ. ಎದುರಿಗೆ ಮನುಷ್ಯ ಇದ್ದನೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಈ ವ್ಯವಸ್ಥೆಗಳ ಬೇರು ಸ್ಕಾರ್ಮ್ ಅನ್ನುವ ಮಾನಕದಲ್ಲಿದೆ. 2000ದ ಸುಮಾರಿಗೆ ಬಂದದ್ದು. ಅದು ಮುಖ್ಯವಾಗಿ ಬರೆದಿಡುವುದು ಪಾಠ ಮುಗಿಯಿತಾ, ಅಂಕ ಎಷ್ಟು, ಎಷ್ಟು ಹೊತ್ತು ತೆರೆದಿತ್ತು ಅನ್ನುವುದನ್ನು. ಆಮೇಲೆ 2013ರಲ್ಲಿ ಎಕ್ಸ್‌ಎಪಿಐ ಬಂತು. ಯಾರು, ಏನು ಮಾಡಿದರು, ಯಾವುದರ ಮೇಲೆ ಮಾಡಿದರು ಅಂತ ಇನ್ನೂ ವಿವರವಾಗಿ ಬರೆಯುತ್ತದೆ. ಅದೂ ಮಾಡಿದ ಕೆಲಸದ ದಾಖಲೆಯೇ. ತಲೆಗೆ ಹತ್ತಿದ್ದು ಎರಡರಲ್ಲೂ ಬರುವುದಿಲ್ಲ.

ಡೇಟಾಪ್ರಿಯ
@ಕೋಡುಗಾರ ಪೂರ್ತಿ ಒಪ್ಪುವುದಿಲ್ಲ. ಕ್ಲಿಕ್‌ಗಳಿಂದ ತಿಳಿಯುವುದು ತುಂಬಾ ಇದೆ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ತಾಣದ ಸುಮಾರು 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ನೋಡಿ 2014ರಲ್ಲಿ ಒಂದು ಅಧ್ಯಯನ ಬಂತು. ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳನ್ನು ಜನ ಜಾಸ್ತಿ ಗಮನ ಕೊಟ್ಟು ನೋಡುತ್ತಾರೆ ಅಂತ ಅದರಿಂದಲೇ ತಿಳಿದದ್ದು. ಪಾಠ ಮಾಡುವವರಿಗೆ ಇದು ಸಣ್ಣ ಸಹಾಯವಲ್ಲ.

ಕೋಡುಗಾರ
ಅಲ್ಲೂ ಅಳತೆ ಮಾಡಿದ್ದು ಎಷ್ಟು ಹೊತ್ತು ನೋಡಿದರು ಅನ್ನುವುದನ್ನೇ ಅಲ್ವಾ? ಒಬ್ಬಳು ಒಂದೇ ಜಾಗಕ್ಕೆ ನಾಲ್ಕು ಸಲ ಹಿಂದೆ ಹೋಗಿದ್ದಾಳೆ ಅಂದುಕೊಳ್ಳಿ. ಅರ್ಥವಾಗಲಿಲ್ಲವೋ, ಇಷ್ಟವಾಯಿತೋ, ನಡುವೆ ಯಾರೋ ಕರೆದರೋ? ಕ್ಲಿಕ್ ಮೂರಕ್ಕೂ ಒಂದೇ.

ಕಡೇಬೆಂಚು
ಮೇಡಂ, ಕ್ವಿಜ್‌ಗೆ ಎಷ್ಟು ಸಲ ಅವಕಾಶ ಕೊಡುತ್ತೀರಿ? ಮೊದಲು ಅದನ್ನು ಹೇಳಿ.

ಅಂಕಿಪಾಠ_ಟೀಚರ್
ಮೂರು ಸಲ. ಅತಿ ಹೆಚ್ಚು ಬಂದ ಅಂಕ ಉಳಿಯುತ್ತದೆ. ಪ್ರತಿ ಸಲ ಯಾವುದು ಸರಿ, ಯಾವುದು ತಪ್ಪು ಅಂತ ತೋರಿಸುತ್ತದೆ. ನಾಲ್ಕು ಆಯ್ಕೆ, ಪ್ರಶ್ನೆಗಳು ಅವೇ.

ಕಡೇಬೆಂಚು
ಹಾಗಾದರೆ ಏನೂ ಓದದವನ ಲೆಕ್ಕ ಹಾಕಿ ನೋಡೋಣ. ಮೊದಲ ಸಲ ಕಣ್ಣುಮುಚ್ಚಿ ಗುರುತು ಹಾಕಿದರೆ ನೂರಕ್ಕೆ ಸರಾಸರಿ 25. ಎರಡನೇ ಸಲ ಸರಿಯಾದದ್ದನ್ನು ಹಾಗೇ ಬಿಟ್ಟು ತಪ್ಪಾದದ್ದಕ್ಕೆ ಇನ್ನೊಂದು ಆಯ್ಕೆ ಒತ್ತಿದರೆ 50. ಮೂರನೇ ಸಲ 75. ಪಾಠ ತೆರೆಯದೆಯೇ ಮುಕ್ಕಾಲು ಅಂಕ! ನಿಮ್ಮ ಹಸಿರು ಬಣ್ಣ ಎಷ್ಟರಿಂದ ಶುರು?

ಅಂಕಿಪಾಠ_ಟೀಚರ್
70ರಿಂದ. ವ್ಯವಸ್ಥೆಯಲ್ಲಿ ಮೊದಲೇ ಹಾಗೆ ಇಟ್ಟಿದ್ದರು. ಇವತ್ತೇ ಮೊದಲ ಪ್ರಯತ್ನದ ಅಂಕಗಳನ್ನು ಬೇರೆ ತೆಗೆದು ನೋಡುತ್ತೇನೆ.

ಪ್ರಶ್ನೆಪೆಟ್ಟಿಗೆ
ಬಹು ಆಯ್ಕೆಯ ಪ್ರಶ್ನೆಗಳ ಮೇಲೆ ಎಲ್ಲ ತಪ್ಪನ್ನೂ ಹೊರಿಸಬೇಡಿ. ಪ್ರಶ್ನೆ ಹೇಗೆ ಕಟ್ಟಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಭೌತಶಾಸ್ತ್ರದಲ್ಲಿ 1992ರಲ್ಲಿ ಬಂದ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಅನ್ನುವ ಪರೀಕ್ಷೆ ಇದೆ. ಬಲ ಮತ್ತು ಚಲನೆಯ ಬಗ್ಗೆ. ಅದೂ ಆಯ್ಕೆಯ ಪ್ರಶ್ನೆಗಳೇ, ಲೆಕ್ಕ ಒಂದೂ ಇಲ್ಲ. ಆದರೆ ತಪ್ಪು ಆಯ್ಕೆಗಳು ಸುಮ್ನೆ ತುಂಬಿಸಿದ್ದಲ್ಲ. ವಿದ್ಯಾರ್ಥಿಗಳು ನಿಜವಾಗಿ ಏನು ತಪ್ಪು ತಿಳಿದುಕೊಂಡಿರುತ್ತಾರೋ ಅದೇ ಅಲ್ಲಿ ಆಯ್ಕೆಯಾಗಿ ಕೂತಿದೆ. ಚಲಿಸುವ ವಸ್ತುವಿನ ಮೇಲೆ ಚಲನೆಯ ದಿಕ್ಕಿನಲ್ಲಿ ಬಲ ಇರಲೇಬೇಕು ಅನ್ನುವ ನಂಬಿಕೆ, ಉದಾಹರಣೆಗೆ. ಸೂತ್ರ ಬಾಯಿಪಾಠ ಮಾಡಿದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಮೇಡಂ ಕೇಳಿದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಲೈವ್ ಕ್ಲಾಸ್‌ನಲ್ಲಿ ಮಕ್ಕಳು ಕೊಡುವ ತಪ್ಪು ಉತ್ತರಗಳನ್ನು ಬರೆದಿಟ್ಟುಕೊಂಡು ಮುಂದಿನ ಸಲ ಅವನ್ನೇ ಆಯ್ಕೆಗಳಾಗಿ ಹಾಕಿ. "ವಿಚಲನೆ ಜಾಸ್ತಿ ಅಂದರೆ ಅಂಕಗಳು ಜಾಸ್ತಿ" ಅಂತ ಗುರುತು ಹಾಕುವವರು ಎಷ್ಟಿದ್ದಾರೆ ಅಂತ ಗೊತ್ತಾಗುತ್ತೆ.

ಫಿಸಿಕ್ಸ್_ಮೇಷ್ಟ್ರು
ನಾನು ಹೇಳಬೇಕೆಂದಿದ್ದ ಪರೀಕ್ಷೆ ಇವರು ಹೇಳಿಬಿಟ್ಟರು. ಒಂದು ಮಾತು ಸೇರಿಸುತ್ತೇನೆ. ಅದರ ಬಲ ಇರುವುದು ಕೋರ್ಸ್‌ಗೆ ಮೊದಲೊಮ್ಮೆ, ಆಮೇಲೊಮ್ಮೆ ಕೊಡುವುದರಲ್ಲಿ. ಕೊನೆಯ ಅಂಕ ಒಂದನ್ನೇ ನೋಡಿದರೆ ಮೊದಲೇ ಗೊತ್ತಿದ್ದವರಿಗೆ ನೀವು ಕಲಿಸಿದಿರಿ ಅಂತ ಲೆಕ್ಕಕ್ಕೆ ಬರುತ್ತದೆ.

ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ರಿಚರ್ಡ್ ಹೇಕ್ 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಹೀಗೆ ನೋಡಿದರು. ಕಲಿಯಲು ಇನ್ನೂ ಎಷ್ಟು ಉಳಿದಿತ್ತು, ಅದರಲ್ಲಿ ಎಷ್ಟು ಪಾಲು ಕಲಿತರು ಅನ್ನುವುದು ಅವರ ಅಳತೆ. ಗುಂಪಿನ ಸರಾಸರಿ 40ರಿಂದ 70ಕ್ಕೆ ಹೋದರೆ, ಉಳಿದಿದ್ದ 60ರಲ್ಲಿ 30, ಅಂದರೆ 0.5. ಇನ್ನೊಂದು ಗುಂಪು 80ರಿಂದ 90ಕ್ಕೆ ಹೋದರೂ 0.5. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಇದು ಸರಾಸರಿ 0.23. ವಿದ್ಯಾರ್ಥಿಗಳೇ ಚರ್ಚಿಸಿ, ಮಾಡಿ ಕಲಿತ ತರಗತಿಗಳಲ್ಲಿ 0.48.

ಮೇಡಂ, ನಿಮ್ಮಲ್ಲಿ ಕೋರ್ಸ್‌ಗೆ ಮುಂಚಿನ ಪರೀಕ್ಷೆ ಇದೆಯಾ?

ಅಂಕಿಪಾಠ_ಟೀಚರ್
ಇಲ್ಲ ಸರ್. ಮುಂದಿನ ಬ್ಯಾಚ್‌ಗೆ ಖಂಡಿತ ಇಡುತ್ತೇನೆ.

ಕಡೇಬೆಂಚು
ಅದರಲ್ಲೂ ತೊಂದರೆ ಇದೆ. ಮೊದಲ ಪರೀಕ್ಷೆಗೆ ಅಂಕ ಇಲ್ಲ ಅಂದರೆ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ. ಕೊನೆಯದಕ್ಕೆ ಅಂಕ ಇದೆ, ಹಾಗಾಗಿ ಹುಡುಕಿ, ಕೇಳಿ, ಹೇಗೋ ಬರೆಯುತ್ತಾರೆ. ಮಧ್ಯದ ವ್ಯತ್ಯಾಸ ಕಲಿಕೆಯ ಹಾಗೆ ಕಾಣುತ್ತದೆ, ಆದರೆ ಅಲ್ಲ.

ಫಿಸಿಕ್ಸ್_ಮೇಷ್ಟ್ರು
ನಿಜ. ಅದಕ್ಕೇ ಎರಡಕ್ಕೂ ಒಂದೇ ನಿಯಮ ಇರಬೇಕು. ಎರಡಕ್ಕೂ ಅಂಕ ಬೇಡ, ಬರೆದು ಕೊಟ್ಟದ್ದಕ್ಕೆ ಹಾಜರಿಯಷ್ಟು ಮನ್ನಣೆ ಸಾಕು. ಮತ್ತೆ ಎರಡೂ ಪರೀಕ್ಷೆ ಬರೆದವರನ್ನು ಮಾತ್ರ ಹೋಲಿಸಬೇಕು. ನಡುವೆ ಬಿಟ್ಟುಹೋದವರು ಮೊದಲ ಸರಾಸರಿಯಲ್ಲಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಸುಮ್ಮನೆ ಸರಾಸರಿ ಏರುತ್ತದೆ.

ಡೇಟಾಪ್ರಿಯ
ಬಿಟ್ಟುಹೋದವರ ವಿಷಯ ಬಂದದ್ದು ಒಳ್ಳೆಯದಾಯಿತು. ಎಂಐಟಿ ಮತ್ತು ಹಾರ್ವರ್ಡ್‌ನವರು ಎಡ್‌ಎಕ್ಸ್‌ನಲ್ಲಿ ಕೊಟ್ಟ ಕೋರ್ಸ್‌ಗಳ ಮೇಲೆ 2019ರಲ್ಲಿ ಬಂದ ಅಧ್ಯಯನದ ಪ್ರಕಾರ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ 3ರಷ್ಟು. ಮುಗಿಸಿದವರ ಅಂಕ ನೋಡಿ "ಕೋರ್ಸ್ ಅದ್ಭುತ" ಅಂದರೆ ಉಳಿದ 97 ಜನ ಎಲ್ಲಿ?

ನಿಧಾನಿ
ಆ 97 ಜನರನ್ನು ಸೋತವರು ಅಂತ ಬರೆಯುವುದೂ ಸರಿಯಲ್ಲ. ನನಗೆ ಒಂದು ಕೋರ್ಸ್‌ನ ಎರಡೇ ಪಾಠ ಬೇಕಿತ್ತು. ಕಲಿತೆ, ಕೆಲಸಕ್ಕೆ ಬಳಸಿದೆ, ಪ್ರಮಾಣಪತ್ರ ಬೇಕಿರಲಿಲ್ಲ. ನಿಮ್ಮ ಲೆಕ್ಕದಲ್ಲಿ ನಾನು ಬಿಟ್ಟುಹೋದವನು. ಸೇರುವಾಗಲೇ "ಯಾಕೆ ಸೇರುತ್ತಿದ್ದೀರಿ" ಅಂತ ಒಂದು ಪ್ರಶ್ನೆ ಕೇಳಿದರೆ ಇದು ಬಗೆಹರಿಯುತ್ತದೆ.

ಕಟ್ಟುನಿಟ್ಟು
ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಉತ್ತರ ಬರೆದವರು ಯಾರು ಅಂತಲೇ ಗೊತ್ತಿಲ್ಲದೆ ಕಲಿಕೆ ಅಳೆಯುವುದು ಎಲ್ಲಿಂದ? ಒಬ್ಬನೇ ಎರಡು ಖಾತೆ ತೆರೆದು, ಒಂದರಲ್ಲಿ ಉತ್ತರಗಳನ್ನು ಹೊರತೆಗೆದು ಇನ್ನೊಂದರಲ್ಲಿ ಬರೆಯುವುದನ್ನು 2015ರಲ್ಲೇ ಸಂಶೋಧಕರು ಎಡ್‌ಎಕ್ಸ್ ದಾಖಲೆಗಳಲ್ಲಿ ಹಿಡಿದು ತೋರಿಸಿದ್ದಾರೆ. ಕ್ಯಾಮೆರಾ ಬೇಕು, ಪರೀಕ್ಷೆ ಬಿಟ್ಟು ಬೇರೆ ಪುಟ ತೆರೆಯದ ಹಾಗೆ ಸ್ಕ್ರೀನ್ ಲಾಕ್ ಬೇಕು. ಪ್ರಾಮಾಣಿಕವಾಗಿ ಓದಿದ ಮಗುವಿಗೆ ನಾವು ಕೊಡಬೇಕಾದ ನ್ಯಾಯ ಅದು.

ಅಮ್ಮನ_ಮಾತು
ಪ್ರಾಮಾಣಿಕವಾಗಿ ಓದಿದ ಮಗುವಿನ ತಾಯಿ ನಾನು. ನನ್ನ ಮಗಳು ಯೋಚಿಸುವಾಗ ಮೇಲೆ ನೋಡುತ್ತಾಳೆ. ಒಂದು ಪರೀಕ್ಷೆಯಲ್ಲಿ ಆ ಸಾಫ್ಟ್‌ವೇರ್ ಅದನ್ನೇ "ಅನುಮಾನ" ಅಂತ ಗುರುತು ಮಾಡಿತು. ಅಲ್ಲಿಂದ ಮುಂದೆ ಅವಳು ಲೆಕ್ಕ ಮಾಡುವುದಕ್ಕಿಂತ ಕಣ್ಣು ಎಲ್ಲಿಡಬೇಕು ಅನ್ನುವುದರ ಬಗ್ಗೆ ಜಾಸ್ತಿ ಯೋಚಿಸುತ್ತಿದ್ದಳು. ಆ ಅಂಕ ಅವಳ ಕಲಿಕೆಯನ್ನು ಹೇಳುತ್ತದಾ? ನಾನು ನಂಬುವುದಿಲ್ಲ.

ಕಟ್ಟುನಿಟ್ಟು
@ಅಮ್ಮನ_ಮಾತು ಅಂಥ ಗುರುತನ್ನು ಮನುಷ್ಯರು ಕೂತು ನೋಡಿ ತೀರ್ಮಾನಿಸಬೇಕು, ಅದನ್ನು ಒಪ್ಪುತ್ತೇನೆ. ಆದರೆ ಕಾವಲೇ ಬೇಡ ಅನ್ನುವುದನ್ನು ಒಪ್ಪುವುದಿಲ್ಲ.

ಕಾಯಿದೆಕಣ್ಣು
ಕಾವಲಿಗೂ ಮಿತಿ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿ ವಿದ್ಯಾರ್ಥಿಯೊಬ್ಬರ ಮೊಕದ್ದಮೆಯಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆ ಮೊದಲು ಕ್ಯಾಮೆರಾ ತಿರುಗಿಸಿ ಕೋಣೆ ತೋರಿಸು ಅಂದದ್ದು, ಸಕಾರಣವಿಲ್ಲದ ಶೋಧದಿಂದ ಅಲ್ಲಿನ ಸಂವಿಧಾನದ ನಾಲ್ಕನೇ ತಿದ್ದುಪಡಿ ಕೊಟ್ಟ ರಕ್ಷಣೆಗೆ ವಿರುದ್ಧ ಅಂತ. ಮಲಗುವ ಕೋಣೆ ಪರೀಕ್ಷಾ ಕೊಠಡಿ ಅಲ್ಲ.

ಓದುವವಳು
ವಿದ್ಯಾರ್ಥಿನಿಯಾಗಿ ಹೇಳುತ್ತೇನೆ. ಕ್ಯಾಮೆರಾ ಹಾಕಿದರೂ ಹಾಕದಿದ್ದರೂ ಪ್ರಶ್ನೆ ಬರೀ ಸೂತ್ರದ್ದಾದರೆ ನಾನು ಸೂತ್ರವನ್ನೇ ಕಲಿಯುತ್ತೇನೆ. ಯಾವುದಕ್ಕೆ ಅಂಕ ಬರುತ್ತದೋ ಅದನ್ನೇ ಓದುತ್ತೇವೆ. ಸಮಯ ಅಷ್ಟೇ ಇರುತ್ತದೆ.

ಪ್ರಶ್ನೆಪೆಟ್ಟಿಗೆ
ಇದು ಈ ಚರ್ಚೆಯ ತಿರುಳು. ಕಾವಲು "ಬರೆದವರು ಯಾರು" ಅಂತ ಹೇಳಬಹುದು. "ಅರ್ಥವಾಗಿದೆಯಾ" ಅನ್ನುವುದನ್ನು ಪ್ರಶ್ನೆಯೇ ಹೇಳಬೇಕು.

ಓದುವವಳು
ಇನ್ನೊಂದು. ಕೋರ್ಸ್‌ನ ಕೊನೆಗೆ "ನಿಮಗೆ ಎಷ್ಟು ಅರ್ಥವಾಯಿತು, ಐದರಲ್ಲಿ ಗುರುತು ಹಾಕಿ" ಅಂತ ಕೇಳುತ್ತಾರಲ್ಲ, ಅದು ಉಪಯೋಗಕ್ಕೆ ಬರುತ್ತದಾ? ವಿಡಿಯೊ ನೋಡುವಾಗ ಎಲ್ಲ ಗೊತ್ತಾದ ಹಾಗೆ ಇರುತ್ತದೆ. ಪುಸ್ತಕ ಮುಚ್ಚಿ ಕೂತರೆ ಮೊದಲ ಸಾಲೂ ಬರುವುದಿಲ್ಲ.

ಫಿಸಿಕ್ಸ್_ಮೇಷ್ಟ್ರು
@ಓದುವವಳು ನೀವು ಹೇಳಿದ್ದನ್ನು ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಅಳೆದು ನೋಡಿದ್ದಾರೆ. 2019ರಲ್ಲಿ ಪ್ರಕಟವಾಯಿತು. ಒಂದೇ ವಿಷಯ, ಎರಡು ರೀತಿ. ಒಂದು ಕಡೆ ಸೊಗಸಾದ ಉಪನ್ಯಾಸ, ಇನ್ನೊಂದು ಕಡೆ ವಿದ್ಯಾರ್ಥಿಗಳೇ ತಿಣುಕಾಡಿ ಬಿಡಿಸುವ ಸಮಸ್ಯೆಗಳು. ಪರೀಕ್ಷೆಯಲ್ಲಿ ಜಾಸ್ತಿ ಕಲಿತದ್ದು ತಿಣುಕಾಡಿದವರು. "ಜಾಸ್ತಿ ಕಲಿತೆ" ಅಂತ ಅನ್ನಿಸಿದ್ದು ಉಪನ್ಯಾಸ ಕೇಳಿದವರಿಗೆ. ನೇರ ತರಗತಿಯಲ್ಲೇ ಹೀಗಾದರೆ, ಚೆಂದ ಮಾಡಿ ಎಡಿಟ್ ಮಾಡಿದ ವಿಡಿಯೊ ಎಷ್ಟು ಭ್ರಮೆ ಹುಟ್ಟಿಸಬಹುದು ಯೋಚಿಸಿ.

ವಿದ್ಯಾರ್ಥಿಗಳ ಅಭಿಪ್ರಾಯ ಬೇಡ ಅಂತಲ್ಲ. ಆಡಿಯೊ ಸರಿಯಿತ್ತಾ, ವೇಗ ಹೊಂದಿತಾ ಅಂತ ಅವರನ್ನೇ ಕೇಳಬೇಕು. ಕಲಿಕೆಯ ಅಳತೆಯಾಗಿ ಅದನ್ನು ವರದಿಗೆ ಹಾಕಬೇಡಿ.

ನಿಧಾನಿ
ನನಗೆ ತುಂಬಾ ದಿನದಿಂದ ಕೊರೆಯುತ್ತಿರುವುದು ಬೇರೆ. ಕ್ವಿಜ್ ಯಾವಾಗ ಕೊಡುತ್ತೀರಿ? ವಿಡಿಯೊ ಮುಗಿದ ಐದು ನಿಮಿಷಕ್ಕೆ. ಆಗ ಯಾರಿಗಾದರೂ ನೆನಪಿರುತ್ತದೆ.

ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನಶ್ಶಾಸ್ತ್ರಜ್ಞರು 2006ರ ಪ್ರಯೋಗದಲ್ಲಿ ಒಂದು ಗುಂಪಿಗೆ ಓದಿದ್ದನ್ನೇ ಮತ್ತೆ ಓದಲು ಕೊಟ್ಟರು. ಇನ್ನೊಂದು ಗುಂಪಿಗೆ ಓದಿದ್ದನ್ನು ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಅಳೆಯುವ ದಿನ ಬದಲಾದರೆ ಗೆದ್ದವರೇ ಬದಲಾಗುತ್ತಾರೆ! ಒಂದನೇ ಘಟಕದ ಪ್ರಶ್ನೆಗಳನ್ನು ನಾಲ್ಕನೇ ಘಟಕದ ಕ್ವಿಜ್‌ನಲ್ಲಿ ಸೇರಿಸಿ, ಮೇಡಂ. ಖರ್ಚಿಲ್ಲ, ಸಾಫ್ಟ್‌ವೇರ್ ಬೇಡ.

ಕೋಡುಗಾರ
ಒಳ್ಳೆಯ ಸಲಹೆ. ಮೂಡಲ್‌ನಂಥ ಕೋರ್ಸ್ ನಡೆಸುವ ವ್ಯವಸ್ಥೆಗಳಲ್ಲಿ ಪ್ರಶ್ನೆ ಸಂಗ್ರಹದಿಂದ ಹಳೆಯ ಘಟಕದ ಪ್ರಶ್ನೆಗಳನ್ನು ಎತ್ತಿ ಕೊಡುವುದು ಸುಲಭ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಬರುವ ಹಾಗೂ ಮಾಡಬಹುದು. ಸಂಖ್ಯೆ ಬದಲಾದರೆ ಉತ್ತರ ಹಂಚಿಕೊಳ್ಳುವುದು ನಿಲ್ಲುತ್ತದೆ, ಅಷ್ಟೇ. ಅರ್ಥವಾಗಿದೆ ಅಂತ ಅದರಿಂದ ಸಾಬೀತಾಗುವುದಿಲ್ಲ.

ಅಮ್ಮನ_ಮಾತು
ಟೈಮರ್ ಬಗ್ಗೆಯೂ ಯಾರಾದರೂ ಮಾತಾಡಿ. ಫೋನಿನಲ್ಲಿ ಸಮೀಕರಣ ಟೈಪ್ ಮಾಡುವ ಹೊತ್ತಿಗೆ ಸಮಯ ಮುಗಿಯುತ್ತದೆ. ಲ್ಯಾಪ್‌ಟಾಪ್ ಇರುವ ಮಗುವಿಗೆ ಆ ಕಷ್ಟ ಇಲ್ಲ. ನೆಟ್‌ವರ್ಕ್ ಹೋದರೆ ಉತ್ತರ ಅಳಿಸಿಹೋಗುತ್ತದೆ. ಆಮೇಲೆ "ಗಣಿತದಲ್ಲಿ ಹಿಂದಿದ್ದಾಳೆ" ಅಂತ ಷರಾ ಬರುತ್ತದೆ.

ಕಡೇಬೆಂಚು
ಕಾಗದದಲ್ಲಿ ಬರೆದು ಫೋಟೊ ಹಾಕಲು ಬಿಟ್ಟರೆ ಸಾಕು. ಮಾಡಿದ ಹಂತಗಳೂ ಕಾಣುತ್ತವೆ.

ಡೇಟಾಪ್ರಿಯ
ಯಾರು ಯಾವ ಸಾಧನದಿಂದ ಬರೆದರು ಅನ್ನುವುದು ಹಲವು ವ್ಯವಸ್ಥೆಗಳ ದಾಖಲೆಯಲ್ಲಿ ಇರುತ್ತದೆ. ಫೋನಿನವರ ಮತ್ತು ಲ್ಯಾಪ್‌ಟಾಪಿನವರ ಅಂಕಗಳನ್ನು ಬೇರೆ ಮಾಡಿ ನೋಡಿ. ಅದೇ ಮಕ್ಕಳು ಟೈಮರ್ ಇಲ್ಲದ ಕೆಲಸದಲ್ಲಿ ಸಮನಾಗಿದ್ದು, ಟೈಮರ್ ಇರುವಾಗ ಮಾತ್ರ ಫೋನಿನವರು ಹಿಂದೆ ಬಿದ್ದರೆ ಅಳೆದದ್ದು ಟೈಪಿಂಗ್ ಅಂತ ಅರ್ಥ.

ಭಾಷೆಪಾಠ
ನಾನು ಪ್ರಬಂಧ ಬರೆಸುವವಳು. ನಮ್ಮ ಕಷ್ಟ ಇನ್ನೂ ದೊಡ್ಡದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದು ತಂದ ಪ್ರಬಂಧ ನೋಡಿ ಕಲಿಕೆ ಅಳೆಯುವುದು ಹೆಚ್ಚುಕಡಿಮೆ ನಿಂತೇಹೋಗಿದೆ.

"ಪತ್ತೆ ಮಾಡುವ ಸಾಫ್ಟ್‌ವೇರ್ ಇದೆಯಲ್ಲ" ಅಂತ ಹೇಳುವ ಮುಂಚೆ ಕೇಳಿ. ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತಾನೇ ಮಾಡಿದ ಪತ್ತೆ ಸಾಧನವನ್ನು 2023ರ ಜುಲೈನಲ್ಲಿ ನಿಖರತೆ ಕಡಿಮೆ ಅಂತ ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷದ ಒಂದು ಅಧ್ಯಯನದಲ್ಲಿ ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಸ್ವಂತ ಬರೆದ ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರ ಬರೆದದ್ದು ಅಂದವು. ಸರಳ ಪದ, ಚಿಕ್ಕ ವಾಕ್ಯ ಬರೆದದ್ದೇ ಆ ಮಕ್ಕಳ ತಪ್ಪಾಯಿತು. ಕಲಿಯುತ್ತಿರುವವರು ಬರೆಯುವುದೇ ಹಾಗಲ್ವಾ? ಇದು ನನಗೆ ತುಂಬಾ ನೋವಿನ ವಿಷಯ.

ನಾನೀಗ ಪ್ರಬಂಧ ಬಂದ ಮೇಲೆ ಐದಾರು ನಿಮಿಷ ಮಾತಾಡುತ್ತೇನೆ. "ಈ ಉದಾಹರಣೆ ಯಾಕೆ ಆರಿಸಿದಿರಿ? ಇದಕ್ಕೆ ವಿರುದ್ಧವಾಗಿ ಯಾರಾದರೂ ಹೇಳಿದರೆ ಏನನ್ನುತ್ತೀರಿ?" ಅಷ್ಟು ಸಾಕು. ಯೋಚಿಸಿ ಬರೆದವರ ಕಣ್ಣು ಅರಳುತ್ತದೆ.

ಕಟ್ಟುನಿಟ್ಟು
ಹೀಗೆ ಮಾತಾಡಿಸಿ ನೋಡುವ ವೈವಾ ಒಳ್ಳೆಯದೇ. ಆದರೆ 200 ಜನ ಇದ್ದರೆ? ಆರು ನಿಮಿಷದಂತೆ 20 ಗಂಟೆ. ಪ್ರತಿ ಘಟಕಕ್ಕೂ ಯಾವ ಮೇಷ್ಟ್ರು ಮಾಡಲು ಸಾಧ್ಯ?

ಪ್ರಶ್ನೆಪೆಟ್ಟಿಗೆ
ಎಲ್ಲರನ್ನೂ ಕೇಳಬೇಕು ಅಂತ ಯಾರು ಹೇಳಿದರು? ಮೇಡಂ ಕೇಳಿದ್ದನ್ನು ಮತ್ತೆ ಓದಿ. ವಿಭಾಗಕ್ಕೆ ಬೇಕಿರುವುದು ಕೋರ್ಸ್‌ನಿಂದ ಕಲಿಕೆ ಎಷ್ಟಾಯಿತು ಅನ್ನುವುದು. ಒಬ್ಬೊಬ್ಬರಿಗೂ ಎಷ್ಟು ಅಂಕ ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಕ್ವಿಜ್‌ನಿಂದ ತೆಗೆಯಲು ಹೋಗಿ ಎರಡೂ ಕೆಡುತ್ತಿವೆ.

ಅಂಕ ಕೊಡಲು ಎಲ್ಲರಿಗೂ ಒಂದೇ ರೀತಿಯ ಪರೀಕ್ಷೆ ಬೇಕು, ಸ್ವಲ್ಪ ಕಾವಲೂ ಬೇಕು. ಕೋರ್ಸ್ ಹೇಗಿತ್ತು ಅಂತ ತಿಳಿಯಲು ಅದು ಬೇಡ. ಚೀಟಿ ಎತ್ತಿ 40 ಜನರನ್ನು ಆರಿಸಿ. ಅಂಕ ಇಲ್ಲ ಅಂತ ಮೊದಲೇ ಹೇಳಿ. ಹೊಸ ಸಮಸ್ಯೆ ಕೊಟ್ಟು ಮಾತಾಡಿಸಿ. ಅಂಕದ ಭಯ ಇಲ್ಲದಿದ್ದರೆ ಮೋಸ ಮಾಡುವ ಕಾರಣವೂ ಹೋಗುತ್ತದೆ. 40 ಜನಕ್ಕೆ ನಾಲ್ಕು ಗಂಟೆ.

ಅಂಕಿಪಾಠ_ಟೀಚರ್
ಇದು ನನ್ನ ವಿಷಯವೇ, ಆದ್ದರಿಂದ ಲೆಕ್ಕ ಹಾಕಿದೆ. 200ರಲ್ಲಿ 40 ಜನರನ್ನು ಆರಿಸಿ, ಅರ್ಧ ಜನಕ್ಕೆ ಅರ್ಥವಾಗಿದೆ ಅಂತ ಬಂದರೆ, ಇಡೀ ತರಗತಿಯ ಅಂಕಿ ಸುಮಾರು ಶೇ 36ರಿಂದ 64ರ ನಡುವೆ ಎಲ್ಲಾದರೂ ಇರಬಹುದು. ಅಂತರ ದೊಡ್ಡದೇ. ಹೋದ ವರ್ಷಕ್ಕಿಂತ ಶೇ 5 ಸುಧಾರಿಸಿದೆ ಅಂತ ಇದರಿಂದ ಹೇಳಲು ಆಗುವುದಿಲ್ಲ. ಆದರೆ ಡ್ಯಾಶ್‌ಬೋರ್ಡ್ ಶೇ 90 ಅನ್ನುತ್ತಿದ್ದರೆ ಅದು ನಿಜವಲ್ಲ ಅಂತ ಧೈರ್ಯವಾಗಿ ಬರೆಯಬಹುದು. ನನಗೆ ಅಷ್ಟು ಬೇಕಿತ್ತು. ವರದಿಯಲ್ಲಿ ಸುಳ್ಳು ಹಸಿರು ಬೇಡ.

ಫಿಸಿಕ್ಸ್_ಮೇಷ್ಟ್ರು
ಒಂದು ಎಚ್ಚರಿಕೆ. ಚೀಟಿಯಲ್ಲಿ ಬಂದವರನ್ನೇ ಮಾತಾಡಿಸಬೇಕು. "ಯಾರು ಬರುತ್ತೀರಿ" ಅಂತ ಕೇಳಿದರೆ ಬರುವವರು ಗೊತ್ತಿರುವವರೇ. ಬಾರದವರನ್ನು ಇನ್ನೊಮ್ಮೆ ಕರೆಯಿರಿ, ಬದಲಿಗೆ ಬೇರೆಯವರನ್ನು ಹಾಕಬೇಡಿ. ಕೇಳುವವರು ಇಬ್ಬರಿದ್ದು, ಮೊದಲ ಕೆಲವರಿಗೆ ಬೇರೆ ಬೇರೆಯಾಗಿ ಗುರುತು ಹಾಕಿ ಹೋಲಿಸಿ. ನಿಮಗೆ "ಅರ್ಥವಾಗಿದೆ" ಅನ್ನಿಸಿದ್ದು ಅವರಿಗೆ ಅನ್ನಿಸದಿದ್ದರೆ ಮಾನದಂಡವನ್ನು ಮತ್ತೆ ಬರೆಯಬೇಕು.

ಕಟ್ಟುನಿಟ್ಟು
ಕೋರ್ಸ್‌ನ ವರದಿಗೆ ಇದು ಸರಿ, ಒಪ್ಪಿದೆ. ಪ್ರಮಾಣಪತ್ರಕ್ಕೆ ಕಾವಲಿನ ಪರೀಕ್ಷೆ ಇರಲೇಬೇಕು ಅನ್ನುವ ನನ್ನ ಮಾತು ಹಾಗೇ ಇದೆ.

ಅಂಕಿಪಾಠ_ಟೀಚರ್
ಮೊದಲ ಪ್ರಯತ್ನದ ಅಂಕಗಳನ್ನು ತೆಗೆದೆ. ಸರಾಸರಿ ಬಹಳ ಕೆಳಗಿದೆ. ಕೆಲವರು ಇಡೀ ಕ್ವಿಜ್ ಅನ್ನು ಪ್ರಶ್ನೆ ಓದಲೂ ಸಾಲದಷ್ಟು ಹೊತ್ತಿನಲ್ಲಿ ಮುಗಿಸಿದ್ದಾರೆ. ಎರಡನ್ನೂ ವರದಿಯಲ್ಲಿ ಹಾಕುತ್ತೇನೆ. ಹಳೆಯ ಘಟಕದ ಪ್ರಶ್ನೆಗಳು ಮುಂದಿನ ಕ್ವಿಜ್‌ನಿಂದಲೇ ಶುರು.

ಓದುವವಳು
ಮೇಡಂ, ಒಂದು ವಿನಂತಿ. ಗೊತ್ತಿದ್ದರೂ ಎದುರಿಗೆ ಕೇಳಿದರೆ ಮಾತು ಹೊರಡದವರು ನಮ್ಮಲ್ಲಿ ಇದ್ದಾರೆ. ನಾನೂ ಹಾಗೆ. ನಮ್ಮನ್ನು "ಅರ್ಥವಾಗಿಲ್ಲ" ಅನ್ನುವ ಕಡೆ ಹಾಕಿಬಿಡುತ್ತೀರಾ?

ಭಾಷೆಪಾಠ
@ಓದುವವಳು ನಾನು ಪ್ರಶ್ನೆಯನ್ನು ಹತ್ತು ನಿಮಿಷ ಮೊದಲೇ ಕೊಡುತ್ತೇನೆ. ಕಾಗದದಲ್ಲಿ ಗುರುತು ಹಾಕಿಕೊಂಡು ಬರಬಹುದು. ಕ್ಯಾಮೆರಾ ಬೇಡ ಅಂದರೆ ಧ್ವನಿ ಸಾಕು. ಅದೂ ಆಗದವರು ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ, ಆಮೇಲೆ ಚಾಟ್‌ನಲ್ಲಿ ನಾನೊಂದು ಪ್ರಶ್ನೆ ಕೇಳುತ್ತೇನೆ, ಆಗಲೇ ಉತ್ತರ ಬರೆಯಬೇಕು. ಮೇಡಂ, ನಿಮ್ಮಲ್ಲಿ ಗ್ರಾಫ್ ಬಿಡಿಸಿ ತೋರಿಸಲು ಬಿಟ್ಟರೆ ಇನ್ನೂ ಸುಲಭವಾಗಬಹುದು.

ಅಂಕಿಪಾಠ_ಟೀಚರ್
ಎರಡು ಗುಂಪಿನ ಹರಡಿಕೆ ಬಿಡಿಸಿ ತೋರಿಸಿ ಅಂತಲೇ ಕೇಳುತ್ತೇನೆ. ಬಾಯಿ ಬಿಡದಿದ್ದರೂ ಚಿತ್ರ ಸರಿಯಿದ್ದರೆ "ಅರ್ಥವಾಗಿದೆ" ಅನ್ನುವ ಕಡೆಗೇ.